ಲಾದ್ರು ಮಾಮನ ಕೆಡ್ಡಸ

ಬೆಳಿಗ್ಗೆ ಪಕ್ಕದ ಮನೆಯ ಗಿರಿಜಕ್ಕ ಆವರಣದ ಗೋಡೆಯ ಮೇಲಿನಿಂದ ಒಂದು ತಟ್ಟೆ ದಾಟಿಸಿದರು. ಹುರಿದ ಅಕ್ಕಿಯ ಹುಡಿ, ಬೆಲ್ಲ, ತೆಂಗಿನತುರಿ. ಮಣಿಪಾಲದ ನಮ್ಮ ಓಣಿಯಲ್ಲಿ ಕೆಡ್ಡಸ ನೆನಪಿಟ್ಟವರು ಅವರೊಬ್ಬರೇ. ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ, ಆ ಹಬ್ಬದ ಮೂರು ದಿನ ಭೂಮಿತಾಯಿ ಮುಟ್ಟಾಗಿರುತ್ತಾಳೆ. ತುಳುವರು ನೆಲ ಅಗೆಯುವುದಿಲ್ಲ, ಹಸಿರು ಕಡಿಯುವುದಿಲ್ಲ. ನಾವಾದರೋ ಇಗರ್ಜಿಗೆ ಹೋಗುವ ಕೊಂಕಣಿ ಕ್ರೈಸ್ತರು, ತುಳುವರ ಬಾಯಲ್ಲಿ ಪೊರ್ಬುಗಳು. ಆದರೂ ಆ ಪರಿಮಳಕ್ಕೆ ನನಗೆ ನೆನಪಾಗುವುದು ಸೋದರಮಾವ, ಫಾರೆಸ್ಟರ್ ಲಾದ್ರು ಮಾಮ.

ಐವತ್ತರ ದಶಕದ ಕೊನೆಯಲ್ಲಿ ಮಾಮ ಕಾರ್ಕಳದ ಕಡೆ ಒಂದು ಸರಕಾರಿ ಗುಡ್ಡ ಕಾಯುತ್ತಿದ್ದರು. ನಮ್ಮನ್ನೆಲ್ಲ "ಏಯ್" ಎಂದು ಕರೆಯುವವರು ಅಲ್ಲಿನ ಬೋಗಿ ಎಂಬ ಹೆಮ್ಮರವನ್ನು ಮಾತ್ರ "ಇವರು" ಎನ್ನುತ್ತಿದ್ದರು. ಆ ಗುಡ್ಡದ ಮರ ಕಡಿಯಲು ಘಟ್ಟದ ಮೇಲಿನ ಗುತ್ತಿಗೆದಾರನೊಬ್ಬನಿಗೆ ಅಪ್ಪಣೆ ಸಿಕ್ಕಿತು. ಮರ ಹೋದರೆ ಕೆಳಗಿನ ಗದ್ದೆಗಳಿಗೆ ನೀರುಣಿಸುವ ತೋಡು ಬತ್ತುತ್ತದೆ. ಅಡ್ಡ ನಿಂತರೆ ಮಾಮನ ಕೆಲಸವೇ ಹೋಗುತ್ತದೆ.

ಮಾಮ ಅಡ್ಡ ನಿಲ್ಲಲಿಲ್ಲ. ಸತ್ಕಾರ ಶುರುಮಾಡಿದರು. ಕಡಿಯುವ ಮರಕ್ಕೆ ಮೊದಲು ಅವರೇ ಸುತ್ತಿಗೆಯಿಂದ ಸರಕಾರದ ಮುದ್ರೆ ಹೊಡೆಯಬೇಕಲ್ಲ? ನಾಲ್ಕು ಮರಕ್ಕೆ ಹೊಡೆದು "ಕೈ ನೋವು" ಎನ್ನುವುದು, ಕಾಪುವಿನಿಂದ ಬಂಗುಡೆ ಮೀನು ತರಿಸಿ ಗುತ್ತಿಗೆದಾರನನ್ನು ಊಟಕ್ಕೆ ಕೂರಿಸುವುದು. ಉಂಡವನು ಸಂಜೆವರೆಗೆ ಗೊರಕೆ ಹೊಡೆಯುತ್ತಿದ್ದ. ಅಪ್ಪಣೆಯ ಅವಧಿ ಮುಗಿಯಲು ಮೂರೇ ದಿನ ಉಳಿದಾಗ ಮಾಮ, "ಮುದ್ರೆ ಮುಗಿಯಿತು. ನಾಳೆಯಿಂದ ಧಾರಾಳ ಕಡಿಯಿರಿ" ಎಂದರು.

ಮರುದಿನ ಕೂಲಿಯವರು ಬರಿಗೈಯಲ್ಲಿ ಬಂದರು. "ಕೆಡ್ಡಸ ಅಲ್ವಾ ಧಣಿ, ಕಡಿಯುವ ಹಾಗಿಲ್ಲ" ಎಂದ ಅವರ ಮುಖಂಡ ಐತಪ್ಪ. ಗುತ್ತಿಗೆದಾರ ಕೂಗಾಡಿದ, ಎಲ್ಲಿಂದಲೋ ಕೊಡಲಿ ತಂದು ತಾನೇ ಬೀಸಿದ. ಮರಕ್ಕೆ ಎರಡು ಗೀರು ಬಿತ್ತು, ಅವನ ಪಂಚೆ ನೆಲಕ್ಕೆ ಬಿತ್ತು.

ದೂರು ಹೋಯಿತು. ಅಂಬಲಪಾಡಿಯವರಾದ ದೊಡ್ಡ ಅಧಿಕಾರಿ ಜೀಪಿನಲ್ಲಿ ಬಂದಿಳಿದರು.

"ಕೆಲಸ ತಡೆದದ್ದು ಯಾರು?"

ಮಾಮ ಮುಂದೆ ಬಂದು ಸೆಲ್ಯೂಟ್ ಹೊಡೆದರಂತೆ. "ಭೂಮಿತಾಯಿ, ಸಾರ್."

ಅಧಿಕಾರಿ ಮರದ ಮೇಲಿನ ಗೀರನ್ನು ಬೆರಳಿನಿಂದ ಸವರಿದರು. "ಕೆಡ್ಡಸದಲ್ಲಿ ನನ್ನ ಅಮ್ಮ ಕರಿಬೇವಿನ ಎಲೆ ಕೀಳಲೂ ಬಿಡುವುದಿಲ್ಲ ಮಾರಾಯ. ಅದು ಸರಿ, ಪೊರ್ಬುಗಳಿಗೆ ಕೆಡ್ಡಸ ಯಾವಾಗ ಶುರುವಾಯಿತು?"

"ಈ ವರ್ಷದಿಂದ, ಸಾರ್."

ಅಧಿಕಾರಿ ಜೋರಾಗಿ ನಕ್ಕುಬಿಟ್ಟರು. ಕೆಡ್ಡಸದ ಜೊತೆ ಅವಧಿಯೂ ಮುಗಿಯಿತು, ಗುತ್ತಿಗೆದಾರನಿಗೆ ಮತ್ತೆ ಅಪ್ಪಣೆ ಸಿಗಲಿಲ್ಲ. ಮಾಮ ಈಗಿಲ್ಲ, ಮರಗಳಿವೆ.

ಇವತ್ತು ಹೆಂಡತಿ ಕತ್ತಿ ಹಿಡಿದು ಬಸಳೆ ಚಪ್ಪರದ ಕಡೆ ಹೊರಟಳು. "ಬೇಡ, ಕೆಡ್ಡಸ" ಎಂದೆ.

"ನಮಗೆಂತ ಕೆಡ್ಡಸ ಮಾರಾಯ್ರೇ?"

"ನಮ್ಮ ಮನೆತನದಲ್ಲಿ ಉಂಟು."

ಮಧ್ಯಾಹ್ನ ಗಂಜಿಗೆ ಉಪ್ಪಿನಕಾಯಿಯೇ ಗತಿಯಾಯಿತು. ಮಾಮನನ್ನು ನೆನೆದು ಕಣ್ಣು ತುಂಬಿತು. ಉಪ್ಪಿನಕಾಯಿ ಖಾರ ಎಂದು ಹೆಂಡತಿಗೆ ಹೇಳಿದೆ.