ಅನ್ನವ್ವನಿಗೆ ಏನು ಸೇರುತ್ತದೆ

ಗೌಂಡಿ ಗುದ್ಲೆಪ್ಪ ಕಟ್ಟಿದ ಗೋಡೆ ಬಿರುಕು ಬಿಡುವುದಿಲ್ಲ ಎಂದು ದುಂಡಸಿಯ ಸುತ್ತಮುತ್ತ ಹೆಸರಿತ್ತು. ಮಾತೂ ಹಾಗೆಯೇ ಗಟ್ಟಿ. ಕೆಲಸದಿಂದ ಬಂದು ಕಾಲು ತೊಳೆದರೆ ತಾಟು ಮುಂದಿರಬೇಕು, ಉಂಡು ಎದ್ದರೆ ಹಾಸಿಗೆ ಹಾಸಿರಬೇಕು. ಹೆಂಡತಿ ಅನ್ನವ್ವ ಮದುವೆಯಾದಾಗಿನಿಂದ ಹಾಗೆಯೇ ನಡೆಸಿಕೊಂಡು ಬಂದಿದ್ದಳು. ಅವನು ಕುಡಿಯುವವನಲ್ಲ, ಕೈ ಎತ್ತುವವನಲ್ಲ. ತಾನು ಒಳ್ಳೆಯ ಗಂಡನೋ ಅಲ್ಲವೋ ಎಂದು ಯೋಚಿಸುವ ಪ್ರಸಂಗವೇ ಅವನಿಗೆ ಬಂದಿರಲಿಲ್ಲ.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಶಿಗ್ಗಾಂವಿಯಲ್ಲಿ ಮಾಳಿಗೆಮನೆಯೊಂದನ್ನು ಕಟ್ಟುವಾಗ ಮೇಲಿನಿಂದ ಬಿದ್ದು ಎಡಗಾಲು ಮುರಿದುಕೊಂಡ. ಹುಬ್ಬಳ್ಳಿಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಪಡಸಾಲೆಯಲ್ಲಿ ಮಲಗಿದ. ಮೊದಲ ವಾರ ನೋಡಲು ಬಂದವರ ಸಾಲು. ಆಮೇಲೆ ಯಾರೂ ಇಲ್ಲ. ಸಿಟ್ಟೆಲ್ಲ ಅನ್ನವ್ವನ ಮೇಲೆ ಹೋಗತೊಡಗಿತು.

ಹಿಂದಿನ ಓಣಿಯ ಪರಮೇಶಪ್ಪ ಮಾಸ್ತರರು ಒಂದು ದಿನ ಬಂದರು. ಗುದ್ಲೆಪ್ಪನಿಗೆ ಏಳನೇ ಇಯತ್ತೆಯವರೆಗೆ ಕಲಿಸಿದವರು. ಹೆಂಡತಿ ತೀರಿದ ಮೇಲೆ ಒಬ್ಬರೇ ಇದ್ದರು. ಬಗಲಲ್ಲಿ ಒಂದು ಹಳೆಯ ಪುಸ್ತಕವಿತ್ತು.

"ಹೊತ್ತ ಹೋಗೂದಿಲ್ಲಲ್ಲ ನಿನಗ. ಕತಿ ಪುಸ್ತಕ ಐತಿ, ಓದು."

"ನನಗೆಲ್ಲಿ ಓದು ಬರತೈತ್ರಿ ಮಾಸ್ತರ್. ಬಸ್ಸಿನ ಬೋರ್ಡ್ ಓದಿದ್ರ ಮುಗೀತು."

"ನಾನ ಕಲಿಸೇನಲ್ಲ. ಕಲಿತದ್ದು ಎಲ್ಲಿಗೆ ಹೊಕ್ಕೈತಿ?"

ಮೊದಲೆರಡು ಕತೆ ಅವನಿಗೆ ಹತ್ತಲಿಲ್ಲ. ಮೂರನೆಯದನ್ನು ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು ಓದಿದ. ಒಬ್ಬನ ಹೆಂಡತಿ ಸತ್ತಿದ್ದಾಳೆ. ತಿಥಿಯ ದಿನದ ಅಡಿಗೆಗೆ ಕೂತ ಹೆಂಗಸರು ಕೇಳುತ್ತಾರೆ: ಎಡೆಗೆ ಆಕೆಗೆ ಇಷ್ಟವಾದದ್ದನ್ನು ಮಾಡಬೇಕು, ಏನು ಮಾಡೋಣ? ಗಂಡನಿಗೆ ಅದು ಗೊತ್ತಿಲ್ಲ. ಇಪ್ಪತ್ತು ವರ್ಷ ಆಕೆಯ ಕೈಯಲ್ಲಿ ಉಂಡಿದ್ದಾನೆ. ಆಕೆ ಉಣ್ಣುವುದನ್ನು ಒಮ್ಮೆಯೂ ನೋಡಿಲ್ಲ. ಎದ್ದು ಹಿತ್ತಲಿಗೆ ಹೋಗಿ ನಿಲ್ಲುತ್ತಾನೆ. ಕತೆ ಅಲ್ಲಿಗೆ ಮುಗಿಯುತ್ತದೆ.

ಗುದ್ಲೆಪ್ಪ ಹಾಳೆ ತಿರುವಿ ನೋಡಿದ, ಮುಂದೆ ಬೇರೆ ಕತೆ. ತೆರೆದ ಬಾಗಿಲಲ್ಲಿ ಅಡಿಗೆಮನೆ ಕಾಣುತ್ತಿತ್ತು. ಅನ್ನವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಬೆನ್ನು ಇವನ ಕಡೆಗೆ. ಆ ಬೆನ್ನು ಯಾವಾಗ ಇಷ್ಟು ಬಾಗಿತು ಎಂದು ಅವನಿಗೆ ಹೊಳೆಯಲಿಲ್ಲ. ಕಣ್ಣು ತುಂಬಿ ಬಂತು. ಪುಸ್ತಕವನ್ನು ಮುಖದ ಮೇಲೆ ಮುಚ್ಚಿಕೊಂಡು ಮಲಗಿಬಿಟ್ಟ.

ಊಟ ತಂದಿಟ್ಟಾಗ ಕೇಳಿದ: "ಅನ್ನವ್ವ, ನಿನಗ ಏನ್ ತಿನ್ನಾಕ ಸೇರತೈತಿ?"

ಆಕೆ ಬಂದು ಅವನ ಹಣೆ ಮುಟ್ಟಿ ನೋಡಿದಳು. "ಜ್ವರಾ ಏನಿಲ್ಲಲ್ಲ. ಉಣ್ರಿ ಸುಮ್ನ."

"ಖರೇನ ಕೇಳಾಕತ್ತೇನಿ."

ಅನ್ನವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಳು. ಉತ್ತರ ಹುಡುಕಲು ಆಕೆಗೂ ಹೊತ್ತು ಹಿಡಿಯಿತು. "ಹಾಗಲಕಾಯಿ ಪಲ್ಯ" ಎಂದಳು ಕಡೆಗೆ. "ತವರಮನ್ಯಾಗ ನಮ್ಮವ್ವ ಬೆಲ್ಲ ಹಾಕಿ ಮಾಡ್ತಿದ್ಲು. ನಿಮಗ ಅದರ ವಾಸನೀನ ಆಗೂದಿಲ್ಲ, ಹಿಂಗಾಗಿ ಇಲ್ಲಿ ಮಾಡಿಲ್ಲ."

"ನಾಳೆ ಮಾಡು. ಇಲ್ಲೇ ತಾಟ್ ತಂದು ನನ್ನ ಕೂಡ ಉಣ್ಣು."

ಮರುದಿನ ಮಾಡಿದಳು. ಪಕ್ಕದಲ್ಲಿ ಕೂತು ಉಣ್ಣಲು ನಾಚಿ, ಗೋಡೆಯ ಕಡೆಗೆ ಅರ್ಧ ತಿರುಗಿ ಕೂತಳು. ಗುದ್ಲೆಪ್ಪ ಒಂದು ತುತ್ತಿಗೇ ನೀರು ಕುಡಿದ. ಆಕೆ ಮಾತ್ರ ನಿಧಾನಕ್ಕೆ, ಕಣ್ಣು ಅರ್ಧ ಮುಚ್ಚಿ ಉಂಡಳು. ಇನ್ನೊಂದು ರೊಟ್ಟಿಯನ್ನು ತಾನೇ ಹಾಕಿಕೊಂಡಳು. ಅವನು ನೋಡುತ್ತಲೇ ಕೂತಿದ್ದ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಕೋಲೂರಿಕೊಂಡು ಅವನು ಮೊದಲು ಹೋದದ್ದು ಮಾಸ್ತರರ ಮನೆಗೆ. ಸವಣೂರಿನ ವೀಳ್ಯದೆಲೆಯ ಒಂದು ಕಟ್ಟು ತರಿಸಿಕೊಂಡು ಹೋಗಿದ್ದ.

"ಈ ಕತಿ ಬರದಾವ್ರು ಎಲ್ಲಿರ್ತಾರ್ರಿ? ಹೋಗಿ ಒಮ್ಮೆ ಕೈ ಮುಗದು ಬರಬೇಕಂತ ಮಾಡೇನಿ."

"ತೀರಿಕೊಂಡು ಭಾಳ ವರ್ಷ ಆತೋ. ನಾ ಹುಟ್ಟೂದಕ್ಕಿಂತ ಮೊದಲ ಬರದದ್ದು ಅದು."

ಗುದ್ಲೆಪ್ಪನಿಗೆ ಸೋಜಿಗವಾಯಿತು. ತನ್ನನ್ನು ಕಾಣದ ಮನುಷ್ಯನೊಬ್ಬ ತನ್ನ ಮನೆಯೊಳಗಿನದನ್ನು ಹೇಗೆ ಬರೆದಾನು? "ನಮ್ಮ ಮನಿಗೆ ಬಂದು ನೋಡಿ ಹೋದಂಗ ಬರದಾರಲ್ಲರಿ" ಎಂದ.

"ನಮ್ಮ ಮನಿಗೂ ಬಂದಿದ್ರು" ಎಂದರು ಮಾಸ್ತರರು. ಗೋಡೆಯ ಮೇಲಿದ್ದ ಹೆಂಡತಿ ದುರಗವ್ವನ ಫೋಟೋದ ಕಡೆ ನೋಡಿದರು. "ನಾ ಓದೂದು ತಡಾ ಆಗಿತ್ತು. ಅದಕ್ಕ ನಿನಗ ಕೊಟ್ಟೆ."

ಗುದ್ಲೆಪ್ಪ ಎಲೆಯ ಕಟ್ಟನ್ನು ಅವರ ಮುಂದಿಟ್ಟು, ಕೋಲನ್ನು ಬದಿಗಿಟ್ಟು, ನೋಯುವ ಕಾಲನ್ನು ಚಾಚಿಕೊಂಡೇ ಬಗ್ಗಿ ಅವರ ಪಾದ ಮುಟ್ಟಿದ. ಮಾಸ್ತರರು ಬೇಡವೆನ್ನಲಿಲ್ಲ.

ಕಾಲು ಸ್ವಲ್ಪ ಕುಂಟಾಗಿಯೇ ಉಳಿಯಿತು. ಮುಂದೆ ಹಾನಗಲ್ಲಿಗೆ, ಹಿರೇಕೆರೂರಿಗೆ ಕೆಲಸಕ್ಕೆ ಹೋದರೂ ಬರುವಾಗ ಕತೆಯ ಪುಸ್ತಕ ಎಲ್ಲಿ ಸಿಗುತ್ತದೆಂದು ವಿಚಾರಿಸುತ್ತಿದ್ದ. ಸಂಜೆ ಅನ್ನವ್ವ ಅಕ್ಕಿ ಆರಿಸುತ್ತ ಕೂತರೆ ಗಟ್ಟಿಯಾಗಿ ಓದುತ್ತಿದ್ದ. ಓದು ಬಾರದ ಅನ್ನವ್ವ ಕತೆಯ ಹೆಂಗಸರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದಳು.

"ಹಂಗ ಯಾಕ ಸುಮ್ನ ಕುಂತ್ಲು ಆಕಿ? ಬಾಯಿ ಬಿಟ್ಟು ಹೇಳಬೇಕಾಗಿತ್ತಿಲ್ಲ?"

"ಮುಂದ ಹೇಳ್ತಾಳೇನೋ, ತಡಿ" ಎಂದು ಗುದ್ಲೆಪ್ಪ ಹಾಳೆ ತಿರುವುತ್ತಿದ್ದ.