ದಂಡಿಗನಹಳ್ಳಿ ಕಡೆಯ ಹೆಂಗಸು

ಗುಲಾಬಿ ಸೀರೆಯ ಎಡ ಹೆಗಲ ಮೇಲೆ, ಚೀಲದ ಪಟ್ಟಿ ಕೂರುವ ಜಾಗದಲ್ಲಿ, ಬೆರಳಗಲ ಬಣ್ಣ ಹೋಗಿತ್ತು. ಆಶಕ್ಕ ಅಂದರೆ ನನಗೆ ಮೊದಲು ಕಣ್ಣಿಗೆ ಬರುವುದು ಆ ಗೆರೆ. ಆಶಾ ಕಾರ್ಯಕರ್ತೆ ಆಗಿದ್ದರಿಂದ ಹಳೇಕೋಟೆ ಪಕ್ಕದ ನಮ್ಮೂರಿಗೆಲ್ಲ ಅವರು ಆಶಕ್ಕನೇ. ಅವರ ಸ್ವಂತ ಹೆಸರನ್ನು ನಾನು ಮೊದಲು ಕೇಳಿದ್ದು ಆಸ್ಪತ್ರೆಯ ವಾರ್ಡಿನಲ್ಲಿ, ನರ್ಸ್ ಕೂಗಿದಾಗ. ಚೀಲದೊಳಗೆ ಕಬ್ಬಿಣದ ಮಾತ್ರೆ, ತಾಯಿ ಕಾರ್ಡು, ರಿಜಿಸ್ಟರು, ಮೇಲೆ ಯಾರೋ ಕೊಟ್ಟ ನಾಲ್ಕು ನುಗ್ಗೆಕಾಯಿ.

ಅವರು ತೀರಿಕೊಂಡು ಎಂಟು ತಿಂಗಳಾಯಿತು. ಎದೆಯಲ್ಲಿ ಗಂಟಾಗಿತ್ತು, ಮುಚ್ಚಿಟ್ಟುಕೊಂಡಿದ್ದರು. ಆ ಗಂಟಿನ ಕತೆಯನ್ನು ಅವರ ಬಾಯಲ್ಲೇ ಹೇಳಿಸಿ, ಎಡಿಟ್ ಮಾಡಿ, ನಾಲ್ಕು ತಾಲ್ಲೂಕಿಗೆ ಕಳಿಸಿದವಳು ನಾನು. ಅದು ಅವರದೇ ಕತೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಅವರ ಕೆಲಸದ ರೀತಿಯೇ ಹಾಗಿತ್ತು. ಯಾರ ಮನೆಗೆ ಹೋದರೂ ನಿಮಗೆ ರಕ್ತ ಕಡಿಮೆ, ನಿಮಗೆ ಸಕ್ಕರೆ ಇದೆ ಅಂತ ನೇರವಾಗಿ ಹೇಳುತ್ತಿರಲಿಲ್ಲ. ಜಗಲಿ ಮೇಲೆ ಕೂತು, ಅವರ ಜೊತೆಗೆ ತಾವೂ ಅವರೆಕಾಯಿ ಸುಲಿಯುತ್ತ, "ದಂಡಿಗನಹಳ್ಳಿ ಕಡೆ ಒಬ್ಳು ಇದ್ಲು ಕಣವ್ವಾ" ಅಂತ ಶುರು ಮಾಡುತ್ತಿದ್ದರು. ಕೇಳುವವಳಿಗೆ ಏನೇನು ಕಷ್ಟ ಇದೆಯೋ ಅದೆಲ್ಲ ಆ ದಂಡಿಗನಹಳ್ಳಿಯವಳಿಗೂ ಇರುತ್ತಿತ್ತು. ಒಮ್ಮೆ ನಮ್ಮ ದೊಡ್ಡಮ್ಮ ತಡೆಯಲಾರದೆ ಕೇಳಿಯೇ ಬಿಟ್ಟರು:

"ಅಲ್ಲ ಕಣೇ, ಆ ದಂಡಿಗನಹಳ್ಳೀಲಿ ಒಬ್ರೂ ನೆಟ್ಟಗಿಲ್ವಾ? ಎಲ್ಲಾ ಕಾಯ್ಲೇನೂ ಅವ್ರಿಗೇ ಬತ್ತದಲ್ಲ."

"ಅವ್ರು ಬಂದ್ರೆ ಬಂತು ಅಂತ ಒಪ್ಕತಾರೆ ದೊಡ್ಡವ್ವಾ. ನೀವು ಒಪ್ಕಳಾಕಿಲ್ಲ, ಅಷ್ಟೇಯ."

ದೊಡ್ಡಮ್ಮ ಬೈದುಕೊಂಡರೂ ಮರುವಾರ ಸಕ್ಕರೆ ಪರೀಕ್ಷೆಗೆ ಹೋಗಿ ಬಂದರು.

ನಾನು ಡಿಗ್ರಿ ಅರ್ಧಕ್ಕೆ ಬಿಟ್ಟು ಮನೆಯಲ್ಲಿದ್ದೆ. ಫೋನ್ ನೋಡಿಯೇ ಎಡಿಟಿಂಗ್ ಕಲಿತು, ನಾಮಕರಣ, ಗೃಹಪ್ರವೇಶದ ವಿಡಿಯೋ ಮಾಡಿಕೊಡುತ್ತಿದ್ದೆ. ಒಂದು ದಿನ ಅಕ್ಕ ಬಂದು, "ನಂದು ಗಂಟ್ಲು ಕಟ್ಟೋಯ್ತು ಕಣವ್ವಾ. ಇನ್ಮೇಲೆ ನಿನ್ ಫೋನು ಯೋಳ್ಲಿ" ಅಂದರು. ನನಗೆ ಕುಣಿಯುವಷ್ಟು ಖುಷಿ. ಮ್ಯೂಸಿಕ್ಕು, ಬಣ್ಣದ ಅಕ್ಷರ, ಏನೇನೋ ತುಂಬಿ ಏಳು ನಿಮಿಷದ ಒಂದು ವಿಡಿಯೋ ತೋರಿಸಿದೆ. ಅವರು ಕೊನೆತನಕ ನೋಡಿ, "ಗಂಡ ಉಣ್ಣೋವಷ್ಟೊತ್ನಲ್ಲಿ ಮುಗೀಬೇಕು" ಅಂದರು. ನನಗೆ ಅರ್ಥವಾಗಲಿಲ್ಲ, ಅವರೇ ಬಿಡಿಸಿ ಹೇಳಿದರು. ಸುತ್ತಮುತ್ತ ಎಷ್ಟೋ ಮನೆಯಲ್ಲಿ ಇರುವುದು ಒಂದೇ ಫೋನು. ಅದು ಗಂಡನ ಕೈಲಿರುತ್ತೆ. ಅವನು ತಟ್ಟೆ ಮುಂದೆ ಕೂತಾಗ ಮಾತ್ರ ಹೆಂಡತಿ ಕೈಗೆ ಬರುತ್ತೆ. ಅಕ್ಷರ ಹಾಕಿದರೆ ಓದುವವರಿಲ್ಲ. ಮೂರು ನಿಮಿಷ, ಬರೀ ದನಿ. ಇಷ್ಟನ್ನು ನನಗೆ ಯಾವ ವಿಡಿಯೋನೂ ಕಲಿಸಿರಲಿಲ್ಲ.

ಮುಖವನ್ನೂ ಅವರು ತೋರಿಸಲು ಬಿಡಲಿಲ್ಲ. "ಮುಖ ಕಂಡ್ರೆ ಯಾರ್ ಮಗ್ಳು, ಯಾರ್ ಸೊಸೆ ಅಂತ ನೋಡ್ತಾರೆ, ಕತೆ ಕೇಳಾಕಿಲ್ಲ." ಹಾಗಾಗಿ ಪ್ರತಿ ವಿಡಿಯೋದಲ್ಲೂ ಮೊದಲು ಅಕ್ಕ ಬೆನ್ನು ತೋರಿಸಿ ಬೀದಿಯಲ್ಲಿ ನಡೆದು ಹೋಗುವುದು, ಎಡ ಹೆಗಲಲ್ಲಿ ಚೀಲ, ಆಮೇಲೆ ಕಾಳು ಬಿಡಿಸುವ ಕೈ ಎರಡು, ಅವರ ದನಿ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ವಾಟ್ಸಾಪ್ ಗ್ರೂಪುಗಳಿಗೂ ಆ ವಿಡಿಯೋಗಳು ಹೋದವು. ದಂಡಿಗನಹಳ್ಳಿಗೆ ಕಳಿಸುವಾಗ ಮಾತ್ರ ಆ ಹೆಂಗಸನ್ನು ಕೊಣನೂರಿಗೆ ಸಾಗಿಸುತ್ತಿದ್ದೆವು.

ಗಂಟಿನ ಕತೆ ಮಾಡಿದ ದಿನ ಅಕ್ಕ ಚೀಲವನ್ನು ಬಲ ಹೆಗಲಿಗೆ ಹಾಕಿಕೊಂಡು ಬಂದಿದ್ದರು. ಹಳೆಯ ವಿಡಿಯೋಗಳಿಗೆ ಹೊಂದುವುದಿಲ್ಲ ಅಂತ ನಾನೇ ತೆಗೆದು ಎಡಕ್ಕೆ ಹಾಕಿದೆ. ಒಂದು ಕ್ಷಣ ಉಸಿರು ಹಿಡಿದರು. "ಭಾರ ಅದೆ ಕಣವ್ವಾ ಇವತ್ತು" ಅಂದರು. ಎರಡೇ ಸಲ ನಡೆಯಕ್ಕ, ಆಯ್ತು, ಅಂದೆ. ಬೆಳಕು ಚೆನ್ನಾಗಿ ಬರಲಿ ಅಂತ ನಾಲ್ಕು ಸಲ ನಡೆಸಿದೆ.

ಕತೆ ಚೆನ್ನಾಗಿಯೇ ಹೇಳಿದರು. ದಂಡಿಗನಹಳ್ಳಿ ಕಡೆಯವಳು ಸ್ನಾನ ಮಾಡುವಾಗ ಗಂಟು ಕೈಗೆ ಸಿಕ್ಕಿದ್ದು, ನೋವಿಲ್ಲವಲ್ಲ ಅಂತ ಸುಮ್ಮನಾದದ್ದು, ಯಾರ ಮುಂದೆ ಸೆರಗು ತೆಗೆಯಲಿ ಅಂತ ನಾಚಿದ್ದು. ಅಲ್ಲಿಗೆ ನಿಲ್ಲಿಸಿಬಿಟ್ಟರು.

"ಆಮೇಲೇನಾಯ್ತು ಯೋಳಿ ಅಕ್ಕ."

"ಇನ್ನೂ ಓಗಿಲ್ಲ ಕಣವ್ವಾ ಅವ್ಳು ಆಸ್ಪತ್ರೆಗೆ."

"ಅಂಗ್ ಬಿಟ್ರೆ ಯಾರ್ ಕೇಳ್ತಾರೆ? ಆಸ್ಪತ್ರೆಗೆ ಓದ್ಲು, ಬೇಗ ತೋರಿಸ್ದ್ಲು, ವಾಸಿ ಆಯ್ತು ಅನ್ನಿ."

ಕೈಯಲ್ಲಿದ್ದ ಅವರೆಕಾಯಿ ನೋಡುತ್ತ ಕೂತರು. "ಅಂಗಂದ್ರೆ ಆಯ್ತದಾ?"

"ಆಯ್ತದೆ" ಅಂದೆ.

ವಾಸಿ ಆಯ್ತು ಅಂತಲೇ ಅಂದರು. ರೆಕಾರ್ಡ್ ಮಾಡುವಾಗ ಯಾವಾಗಲೂ ಮೂರ್ನಾಲ್ಕು ಸಲ ತೊದಲುವವರು ಆ ಮಾತನ್ನು ಒಂದೇ ಸಲಕ್ಕೆ ಸರಿಯಾಗಿ ಹೇಳಿದರು.

ಅಷ್ಟು ಫಾರ್ವರ್ಡ್ ಆದ ವಿಡಿಯೋ ನಾವು ಬೇರೆ ಮಾಡಿರಲಿಲ್ಲ. ಹೆಂಗಸರು ಬಂದು ತಮಗೂ ಗಂಟಿದೆ ಅಂತ ಅಕ್ಕನ ಕಿವಿಯಲ್ಲಿ ಹೇಳತೊಡಗಿದರು. ಅವರನ್ನೆಲ್ಲ ಬಸ್ಸು ಹತ್ತಿಸಿ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದವರು ಅಕ್ಕನೇ. ನಾನೂ ಒಂದು ಸಲ ಜೊತೆಗೆ ಹೋಗಿದ್ದೆ. ಪರೀಕ್ಷೆಯ ಕೋಣೆಯ ಬಾಗಿಲ ಮುಂದಿನ ಬೆಂಚಿನ ಮೇಲೆ ಅಕ್ಕ ಮಧ್ಯಾಹ್ನದವರೆಗೂ ಕೂತಿದ್ದರು, ಬೇರೆಯವರ ಚೀಟಿ ಹಿಡಿದುಕೊಂಡು. ಒಳಗಿಂದ ಬಂದವರಿಗೆ ನೀರು ಕೊಟ್ಟು, "ಏನೂ ಇಲ್ಲ ಅಂದ್ರಾ? ನೋಡ್ದಾ, ಸುಮ್ಕೆ ಎದ್ರಿದ್ದೆ" ಅನ್ನುತ್ತಿದ್ದರು. ಬಾಗಿಲು ನಾಲ್ಕು ಹೆಜ್ಜೆ ದೂರ ಇತ್ತು.

ಅಕ್ಕನ ಕೈ ಊದಿಕೊಂಡು ಚೀಲ ಎತ್ತಲಾಗದೆ ಹೋದಾಗ ಉಪಕೇಂದ್ರದ ಸಿಸ್ಟರ್ ಬಲವಂತ ಮಾಡಿ ಪರೀಕ್ಷೆ ಮಾಡಿಸಿದರು. ಅಷ್ಟರಲ್ಲಿ ಅದು ಮೈಯೊಳಗೆ ಎಲ್ಲೆಲ್ಲಿಗೋ ಹರಡಿತ್ತು. ವಾರ್ಡಿನಲ್ಲಿ ಅವರ ಮಂಚದ ಪಕ್ಕ ನಿಂತು ಯಾಕಕ್ಕ ಹೇಳಲಿಲ್ಲ ಅಂತ ಕೇಳಿದೆ.

"ಯೋಳ್ದೆ ಕಣವ್ವಾ. ನೀನು ರೆಕಾರ್ಡೂ ಮಾಡ್ಕಂಡಲ್ಲ" ಅಂದರು. ಕೋಪದಿಂದಲ್ಲ, ಇಟ್ಟ ಸಾಮಾನು ಎಲ್ಲಿದೆ ಅಂತ ನೆನಪಿಸುವ ಹಾಗೆ. ಆಮೇಲೆ, "ಆಶಕ್ಕಂಗೇ ಬಂದದೆ ಅಂದ್ರೆ ನಾಳಿಂದ ನನ್ ಮಾತು ಯಾರ್ ಕೇಳ್ತಾರೆ?" ಅಂದರು.

ಅಕ್ಕ ಹೋದ ಮೇಲೆ ಆ ವಿಡಿಯೋ ಅಳಿಸಿದೆ. ನನ್ನ ಫೋನಿನಿಂದ ಹೋಯಿತು, ಅಷ್ಟೇ. ಅದು ಇನ್ನೂ ಯಾರ್ಯಾರದೋ ಫೋನಿನಲ್ಲಿ ಓಡಾಡುತ್ತಿದೆ. ಬಣ್ಣ ಹೋದ ಗೆರೆಯ ಮೇಲೆ ಚೀಲ, ನಾಲ್ಕನೇ ಸಲದ ನಡಿಗೆ.

ಕಳೆದ ವಾರ ಕೊಣನೂರು ಕಡೆಯ ಗ್ರೂಪಿನ, ನನಗೆ ಗೊತ್ತಿಲ್ಲದ ಒಂದು ನಂಬರಿನಿಂದ ದನಿ ಮೆಸೇಜು ಬಂತು. ಹಿಂದೆ ಯಾರೋ ಉಣ್ಣುವ ತಟ್ಟೆಯ ಸದ್ದು. "ಆಯಮ್ಮ ಈಗ ಎಂಗವ್ಳೆ ಕಣಮ್ಮಾ? ನಿಜವಾಗ್ಲೂ ವಾಸಿ ಆಯ್ತಾ? ನಂಗೂ ಅಂಗೇ ಒಂದದೆ. ಅವ್ಳು ಉಳ್ಕಂಡವ್ಳೆ ಅಂದ್ರೆ ನಾನೂ ಓಯ್ತೀನಿ. ದಂಡಿಗನಹಳ್ಳಿ ಕಡೆಯೋಳೇನಾ ಅವ್ಳು, ನಿಮ್ಮೂರೋಳಾ?"

ಎರಡು ದಿನ ಆ ದನಿಯನ್ನೇ ಮತ್ತೆ ಮತ್ತೆ ಹಾಕಿ ಕೇಳಿದೆ. ನಿಜ ಹೇಳಿದರೆ ಅವಳು ಹೋಗುವುದಿಲ್ಲ. ಮೂರನೇ ದಿನ, ಅವರ ಮನೆಯಲ್ಲಿ ಉಣ್ಣುವ ಹೊತ್ತು ಲೆಕ್ಕ ಹಾಕಿ, ಬಟನ್ ಒತ್ತಿ ಹಿಡಿದು ಹೇಳಿದೆ.

"ಚೆನ್ನಾಗವ್ರೆ ಅಕ್ಕ. ನೀವು ನಾಳೇನೇ ಓಗಿ. ನಮ್ಮೂರಲ್ಲ, ದಂಡಿಗನಹಳ್ಳಿ ಕಡೆ."

ಕೇಳಿಸಿಕೊಂಡ ಗುರುತಿಗೆ ಎರಡು ನೀಲಿ ಟಿಕ್ಕು ಬಂತು. ಆಮೇಲೆ ಏನೂ ಬಂದಿಲ್ಲ.