ಖಾಲಿ ಪಟ್ಟಿಗೂ ಉತ್ತರ ಬರೆಸಿದ ಅಕ್ಕೋರು

ಅಕ್ಕೋರ ಬಲಗೈ ಬೆರಳುಗಳು ಒಳಕ್ಕೆ ಮಡಚಿಕೊಂಡು, ಏನನ್ನೋ ಹಿಡಿದು ಬಿಡಲೊಲ್ಲೆ ಅನ್ನುವಂತೆ ಸದಾ ತೊಡೆಯ ಮೇಲೆ ಇರುತ್ತಿದ್ದವು. ಊಟಕ್ಕೆ ಮೊದಲು ಎಡಗೈಯಿಂದ ಒಂದೊಂದೇ ಬೆರಳು ಬಿಡಿಸಿ ತೊಳೆದುಕೊಳ್ಳುತ್ತಿದ್ದರು. ನೋಡಿದವರು ಅಯ್ಯೋ ಅಂದರೆ ಅವರಿಗೆ ಸಿಟ್ಟು.

ರಾಣೆಬೆನ್ನೂರಿನ ನಮ್ಮ ಮನೆಯ ಹಿಂದಿನ ಕೋಣೆಗೆ ಅವರು ಬಾಡಿಗೆಗೆ ಬಂದಾಗ ನನ್ನ ಗಂಡ, ಅಂದರೆ ನಿಮ್ಮ ಅಜ್ಜ, ತೀರಿಕೊಂಡು ಬಹಳ ದಿನವಾಗಿರಲಿಲ್ಲ. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವರು, ನರಗಳ ರೋಗ ಹತ್ತಿ ಕೆಲಸ ಬಿಟ್ಟಿದ್ದರು. ನನಗಿಂತ ಚಿಕ್ಕವರು. ಆದರೂ ಕಲಿಸುವವರು ನಮಗೆ ಅಕ್ಕೋರೇ. ನನ್ನನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದರು.

ರವಿವಾರಕ್ಕೊಮ್ಮೆ ಬ್ಯಾಡಗಿಗೆ ಹೋಗಿ, ಅಲ್ಲಿ ಹಿಡಿದ ಒಂದು ಕೋಣೆಯಲ್ಲಿ ಹುಡುಗಿಯರಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತಿದ್ದರು. ಅವರಿಗಾಗಿ ಕನ್ನಡದಲ್ಲಿ ಅಭ್ಯಾಸದ ಲೆಕ್ಕಗಳನ್ನು ತಯಾರಿಸುತ್ತಿದ್ದರು. ಬೆರಳು ಕೈಕೊಟ್ಟ ಮೇಲೆ ಟೈಪ್ ಮಾಡಲು ನನ್ನನ್ನು ಕರೆದರು. ನಾನು ಮೇಡ್ಲೇರಿ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು, ಹೊರಗಿನವರು ಬಂದರೆ ಬಾಗಿಲ ಮರೆಯಿಂದಲೇ ಮಾತನಾಡುವವಳು. ಅಕ್ಷರ ಹುಡುಕಿ ಹುಡುಕಿ ಒತ್ತಿದೆ.

“ತಿಳೀತೇನ್ರಿ ವೈನಿ?”

“ಹೂಂನ್ರಿ.”

“ಏನ್ ತಿಳೀತು, ಹೇಳ್ರಿ ನೋಡೋಣು.”

ನಾನು ಸೆರಗಿನ ಅಂಚು ತಿರುವುತ್ತ ಕುಳಿತೆ.

“ಹಂಗಾರ ಟೈಪ್ ಮಾಡಬ್ಯಾಡ್ರಿ. ಮೊದಲ ನೀವು ಈ ಲೆಕ್ಕ ಬಿಡಸ್ರಿ. ಹೊಳಿ ದಂಡಿ ಮ್ಯಾಲೆ ಕುಂತು ಈಸು ಕಲಿಯಾಕ ಬರ್ತೈತೇನು?”

ಹಾಗೆ ಶುರುವಾಯಿತು. ಅವರು ಕಲಿಸುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಲ್ಲ ಕೆಲಸವನ್ನೂ ಸಣ್ಣ ಸಣ್ಣ ಫಂಕ್ಷನ್‌ಗಳು ಮಾಡುತ್ತವೆ. “ಫಂಕ್ಷನ್ ಅಂದ್ರ ಗಿರಣಿ. ಇದಽ ಜ್ವಾಳ ಹಾಕಿದ್ರ ಇದಽ ಹಿಟ್ಟು ಬರಬೇಕು. ಇವತ್ತೊಂದು, ನಾಳೆ ಒಂದು ಬರಬಾರದು” ಅನ್ನುತ್ತಿದ್ದರು. ಕೈಯಲ್ಲಿದ್ದದ್ದನ್ನು ತಿದ್ದುವ ಹಾಗಿಲ್ಲ. ಅದರಿಂದ ಹೊಸದೊಂದನ್ನು ಮಾಡಿಕೊಳ್ಳಬೇಕು. ಬರೆದದ್ದು ಸರಿಯಿದ್ದರೆ ಪರದೆಯ ಮೇಲೆ ಹಸಿರು, ತಪ್ಪಿದ್ದರೆ ಕೆಂಪು. ಅವರ ಒಬ್ಬ ಹುಡುಗಿ ನಕ್ಕು ಹೇಳಿದ್ದಳಂತೆ: “ಅಕ್ಕೋರ, ನಮ್ಮ ಬ್ಯಾಡಗಿಯೊಳಗ ಕೆಂಪಿಗಽ ಬೆಲಿರಿ. ನಿಮ್ಮ ಕಂಪ್ಯೂಟರಿಗೆ ಮೆಣಸಿನಕಾಯಿ ಗೊತ್ತಿಲ್ಲ ನೋಡ್ರಿ!”

ಒಂದು ಸಂಜೆಯ ಲೆಕ್ಕ ನನಗೆ ಮರೆಯುವುದಿಲ್ಲ. ಹೆಸರುಗಳ ಪಟ್ಟಿ ಕೊಟ್ಟರೆ ಪ್ರತಿ ಹೆಸರಿಗೂ ಕೊನೆಗೆ ‘ಅವ್ವ’ ಸೇರಿಸಿದ ಹೊಸ ಪಟ್ಟಿ ಬರಬೇಕು. ಮೊದಲ ಹೆಸರು ತೆಗೆದುಕೋ, ಅವ್ವ ಸೇರಿಸು, ಉಳಿದ ಪಟ್ಟಿಯನ್ನು ಮತ್ತೆ ಅದೇ ಫಂಕ್ಷನ್ನಿಗೆ ಒಪ್ಪಿಸು. ಬರೆದೆ. ಕೆಂಪು. ಮತ್ತೆ ಒತ್ತಿದೆ. ಕೆಂಪೇ.

“ಪಟ್ಟಿ ಖಾಲಿ ಆದ್ರ ಏನ್ ಮಾಡಬೇಕಂತ ಅದಕ್ಕ ಹೇಳೇ ಇಲ್ಲಲ್ಲ ನೀವು. ನಿನ್ನೇನೂ ಹೇಳಿದ್ದೆ.”

ನನಗೆ ನೆನಪಿತ್ತು. ಕೈ ಬರಲಿಲ್ಲ.

“ಮನ್ಯಾಗ ಅಕ್ಕಿ ತೀರಿದ್ರೂ ತೀರಿತು ಅನ್ನಾಂಗಿಲ್ರಿ ಅಕ್ಕೋರ, ತರಬೇಕು ಅಂತೀವಿ. ದೀಪ ಹಚ್ಚೋ ಹೊತ್ತಿನ್ಯಾಗ ಖಾಲಿ ಅಂತ ಹೆಂಗ ಬರೀಲ್ರಿ?”

ಅಕ್ಕೋರು ಕೆಮ್ಮು ಬರುವವರೆಗೆ ನಕ್ಕರು.

“ತೀರಿತು ಅನ್ನದಿದ್ರ ತೀರೋದು ಬಿಡತೈತೇನ್ರಿ? ಇನ್ನ ನನ್ನ ದನೀನೂ ಹೋಗತೈತಿ ಅಂತ ಡಾಕ್ಟರು ಹೇಳ್ಯಾರ. ಅವತ್ತ ಹುಡುಗ್ಯಾರಿಗೆ ಯಾರು ಹೇಳಿಕೊಡಬೇಕು? ಅದನ್ನೂ ಈಗಽ ಗೊತ್ತು ಮಾಡಬೇಕಲ್ಲ.”

“ಯಾರರೇ ಸಿಗ್ತಾರ ಬಿಡ್ರಿ.”

“ಸಿಕ್ಕಾರ. ನನ್ನ ಮುಂದ ಕುಂತಾರ.”

“ಅಯ್ಯ ನಮ್ಮವ್ವ! ನಾ ನಾಲ್ಕ ಮಂದ್ಯಾಗ ಬಾಯಿ ತಗಿಯಾಕಿ ಅಲ್ರಿ.”

“ಗೊತ್ತೈತಿ. ಅದಕ್ಕಽ ಇಷ್ಟ ಮೊದಲ ಹೇಳಾಕತ್ತೇನಿ.”

ಪಟ್ಟಿ ಖಾಲಿಯಿದ್ದರೆ ಖಾಲಿ ಪಟ್ಟಿಯನ್ನೇ ಮರಳಿ ಕೊಡು ಎಂದು ಒಂದು ಸಾಲು ಬರೆದೆ. ಹಸಿರು ಬಂತು. ನನಗೆ ಸಂತೋಷವಾಗಲಿಲ್ಲ.

ಅಕ್ಕೋರ ಮಾತು ಮೊದಲು ತೊದಲಾಯಿತು. ಹುಡುಗಿಯರಿಗೆ ತಿಳಿಯದಾದಾಗ ನಾನು ಪಕ್ಕದಲ್ಲಿ ನಿಂತು ಸಣ್ಣ ದನಿಯಲ್ಲಿ ಬಿಡಿಸಿ ಹೇಳುತ್ತಿದ್ದೆ. ಮಳೆಗಾಲ ಮುಗಿಯುವುದರೊಳಗೆ ಅವರ ಆ ಮಾತೂ ನಿಂತುಹೋಯಿತು. ಬ್ಯಾಡಗಿಯಲ್ಲಿ ಅವರನ್ನು ಗಾಲಿಕುರ್ಚಿಯಲ್ಲಿ ಕಿಟಕಿಯ ಹತ್ತಿರ ಕೂಡಿಸಿ, ನಾನೊಬ್ಬಳೇ ಮುಂದೆ ನಿಂತೆ. “ಅಜ್ಜಿ ಕಲಸ್ತಾಳಂತಽ!” ಎಂದು ಯಾರೋ ಪಿಸುಗುಟ್ಟಿದರು. ನಡುವೆ ಒಂದು ಕಡೆ ತಪ್ಪಿ, ಅಕ್ಕೋರ ಕಡೆ ತಿರುಗಿ ನೋಡಿದೆ. ಅವರು ಬೇಕೆಂದೇ ಕಣ್ಣು ಮುಚ್ಚಿಕೊಂಡಿದ್ದರು. ನಾನು ಮುಂದುವರಿಸುವವರೆಗೂ ತೆರೆಯಲಿಲ್ಲ. ಅಷ್ಟು ಕಠಿಣವಾದ ಪ್ರೀತಿಯನ್ನು ನನ್ನ ಮೇಲೆ ಬೇರೆ ಯಾರೂ ಇಟ್ಟಿರಲಿಲ್ಲ.

ಆ ಚಳಿಗಾಲದಲ್ಲಿ ಹಾವೇರಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಕೊನೆಯ ದಿನ ಕೈ ಹಿಡಿದುಕೊಂಡು ಕುಳಿತಿದ್ದೆ. ಹೇಳುವುದೆಲ್ಲ ಮೊದಲೇ ಆಗಿತ್ತು.

ಮುಂದಿನ ರವಿವಾರ ಬ್ಯಾಡಗಿಯ ಕೋಣೆಯ ಬೀಗ ನಾನೇ ತೆಗೆದೆ. ಹುಡುಗಿಯರು ಒಳಗೆ ಬಂದು ಕುಳಿತು, ತಲೆ ತಗ್ಗಿಸಿ ಅಳುತ್ತಿದ್ದರು. ಆದರೆ ಅಲ್ಲಿ ಮಾತನಾಡಬೇಕಾದವಳು ನಾನೊಬ್ಬಳೇ. ಮಾತನಾಡಿದೆ.